ದರ್ಜಿಯ ಮಗ ಲ್ಯಾಂಬರ್ಟ್ ಮತ್ತು ಕೊನೆಯಿಲ್ಲದ ದಶಮಾಂಶ

ಒಂಬತ್ತನೆಯ ತರಗತಿಗೆ ಸಂಖ್ಯಾ ಪದ್ಧತಿಯ ಪಾಠ ಮಾಡಿದ ಪ್ರಶಿಕ್ಷಣಾರ್ಥಿಗಳಿಗೆಲ್ಲ ಆ ನಿಯಮ ಬಾಯಿಪಾಠ. ದಶಮಾಂಶ ವಿಸ್ತರಣೆ ಅಂತ್ಯಗೊಂಡರೆ ಅಥವಾ ಆವರ್ತಗೊಂಡರೆ ಅದು ಭಾಗಲಬ್ಧ ಸಂಖ್ಯೆ. ಅಂತ್ಯವೂ ಆಗದೆ ಆವರ್ತವೂ ಆಗದಿದ್ದರೆ ಅಭಾಗಲಬ್ಧ ಸಂಖ್ಯೆ. ಕಪ್ಪುಹಲಗೆಯ ಮೇಲೆ ಬರೆಯಲು ಎರಡು ನಿಮಿಷ ಸಾಕು. ಆದರೆ ಒಂದು ಸಂಖ್ಯೆಯ ದಶಮಾಂಶ ಮುಂದೆಂದೂ ಆವರ್ತಗೊಳ್ಳುವುದಿಲ್ಲ ಎಂದು ಯಾರು ನೋಡಿ ಬಂದರು? ಹತ್ತು ಅಂಕಿ ನೋಡಿದರೂ ಸಾಲದು, ಹತ್ತು ಲಕ್ಷ ಅಂಕಿ ನೋಡಿದರೂ ಸಾಲದು. ಪೈ ಅಭಾಗಲಬ್ಧ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ; ಅದೇ ವಾರ ಕ್ಷೇತ್ರಗಣಿತದಲ್ಲಿ ಪೈ ಬೆಲೆ 22/7 ಎಂದು ತೆಗೆದುಕೊಳ್ಳಿ ಎನ್ನುತ್ತೇವೆ. 22/7 ಭಾಗಲಬ್ಧ ಸಂಖ್ಯೆ. ಮಕ್ಕಳು ಗೊಂದಲಕ್ಕೆ ಬೀಳದಿದ್ದರೆ ಅದೇ ಆಶ್ಚರ್ಯ.

ಈ ಗೊಂದಲವನ್ನು ಬುಡದಿಂದ ಬಿಡಿಸಿದವನು ಯೋಹಾನ್ ಹೈನ್ರಿಶ್ ಲ್ಯಾಂಬರ್ಟ್. ಪೈ ಅಭಾಗಲಬ್ಧ ಎಂದು ಸಾಧಿಸಿದವನೆಂದು ಗಣಿತ ಪುಸ್ತಕಗಳಲ್ಲಿ ಅವನ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಬೀರ್–ಲ್ಯಾಂಬರ್ಟ್ ನಿಯಮ ಗೊತ್ತು. ದ್ರಾವಣದ ಮೂಲಕ ಬೆಳಕು ಹಾದಾಗ ಎಷ್ಟು ಹೀರಲ್ಪಡುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆದಿದ್ದೇವೆ. ಆ ಲ್ಯಾಂಬರ್ಟ್ ಮತ್ತು ಈ ಲ್ಯಾಂಬರ್ಟ್ ಒಬ್ಬನೇ. ಅಷ್ಟೇ ಅಲ್ಲ, ಆವರ್ತ ದಶಮಾಂಶಗಳ ಮೇಲೂ ಅವನು ಕೆಲಸ ಮಾಡಿದ್ದಾನೆ. ಆ ಭಾಗ ನಮ್ಮ ಪಾಠಕ್ಕೆ ನೇರವಾಗಿ ಸಂಬಂಧಿಸಿದ್ದು, ಆದರೆ ಪುಸ್ತಕಗಳಲ್ಲಿ ಅದರ ಪ್ರಸ್ತಾಪ ಕಡಿಮೆ. ಆದ್ದರಿಂದ ಅವನ ಜೀವನವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಲ್ಯಾಂಬರ್ಟ್ ಹುಟ್ಟಿದ್ದು 1728ರ ಆಗಸ್ಟ್ ತಿಂಗಳಲ್ಲಿ, ಮುಲ್‌ಹೌಸ್ ಎಂಬ ಊರಿನಲ್ಲಿ. ಈಗ ಅದು ಫ್ರಾನ್ಸ್ ದೇಶದ ಅಲ್ಸಾಸ್ ಭಾಗದಲ್ಲಿದೆ. ಆಗ ಸ್ವಿಸ್ ಒಕ್ಕೂಟದ ಜೊತೆ ಒಪ್ಪಂದವಿದ್ದ ಒಂದು ಸ್ವತಂತ್ರ ಪಟ್ಟಣ. ತಂದೆ ದರ್ಜಿ, ತಾತನೂ ದರ್ಜಿ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಹನ್ನೆರಡನೆಯ ವಯಸ್ಸಿಗೆ ಹುಡುಗನ ಶಾಲೆ ಬಿಡಿಸಿ ತಂದೆಯ ಜೊತೆ ಹೊಲಿಗೆಗೆ ಕೂರಿಸಿದರು. ಅವನ ಶಾಲಾ ಶಿಕ್ಷಣ ಅಲ್ಲಿಗೆ ಮುಗಿಯಿತು. ಆಮೇಲೆ ಯಾವ ಕಾಲೇಜಿಗೂ ಸೇರಲಿಲ್ಲ, ಯಾವ ಪದವಿಯನ್ನೂ ಪಡೆಯಲಿಲ್ಲ. ಹಗಲು ಸೂಜಿ, ರಾತ್ರಿ ಪುಸ್ತಕ. ಒಂಬತ್ತನೆಯ ತರಗತಿಗೆ ಬರುವ ಮೊದಲೇ ಶಾಲೆ ಬಿಟ್ಟು ಗ್ಯಾರೇಜಿಗೋ ಹೋಟೆಲಿಗೋ ಸೇರುವ ಹುಡುಗರನ್ನು ನಾವು ನಮ್ಮ ಹಾಜರಿ ಪುಸ್ತಕಗಳಲ್ಲಿ ನೋಡುತ್ತೇವಲ್ಲ, ಅದೇ ವಯಸ್ಸು.

ಹದಿನೈದರ ಹೊತ್ತಿಗೆ ಊರಿನ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತನಾದ. ಅಕ್ಷರ ಚೆನ್ನಾಗಿತ್ತು, ಲೆಕ್ಕ ತಪ್ಪುತ್ತಿರಲಿಲ್ಲ. 1744ರಲ್ಲಿ ಯುರೋಪಿನ ಆಕಾಶದಲ್ಲಿ ಬಹಳ ಪ್ರಕಾಶಮಾನವಾದ ಧೂಮಕೇತು ಕಾಣಿಸಿಕೊಂಡಿತು. ಅದನ್ನು ನೋಡಿದಾಗಿನಿಂದ ಧೂಮಕೇತುಗಳ ಕಕ್ಷೆಯ ಲೆಕ್ಕ ಅವನಿಗೆ ಹಿಡಿಸಿತು, ಕೊನೆಯವರೆಗೂ ಬಿಡಲಿಲ್ಲ. ಹದಿನೇಳರಲ್ಲಿ ಬಾಸೆಲ್ ನಗರಕ್ಕೆ ಹೋಗಿ ಇಸೆಲಿನ್ ಎಂಬ ಕಾನೂನು ಪ್ರಾಧ್ಯಾಪಕ ಮತ್ತು ಪತ್ರಿಕಾ ಸಂಪಾದಕನ ಬಳಿ ಕಾರ್ಯದರ್ಶಿಯಾದ. ಅಲ್ಲಿ ಬಿಡುವು ಸಿಕ್ಕಿದಾಗಲೆಲ್ಲ ಗಣಿತ, ಭೌತಶಾಸ್ತ್ರ, ತತ್ವಶಾಸ್ತ್ರ ಮೂರನ್ನೂ ತಾನೇ ಓದಿಕೊಂಡ.

1748ರಲ್ಲಿ ಅವನಿಗೆ ಸಿಕ್ಕಿದ ಕೆಲಸ ನಮಗೆ ಹತ್ತಿರದ್ದು. ಸ್ವಿಟ್ಜರ್ಲೆಂಡಿನ ಬೆಟ್ಟಗಳ ನಡುವಿನ ಕೂರ್ ಎಂಬ ಊರಿನಲ್ಲಿ ಫಾನ್ ಸಾಲಿಸ್ ಎಂಬ ಶ್ರೀಮಂತ ಮನೆತನದ ಮಕ್ಕಳಿಗೆ ಮನೆಪಾಠದ ಮೇಷ್ಟ್ರಾದ. ಆಗ ಅವನಿಗೆ ಇಪ್ಪತ್ತು ವರ್ಷ. ಆ ಮನೆಯಲ್ಲಿ ಒಳ್ಳೆಯ ಗ್ರಂಥಾಲಯವಿತ್ತು. ಹಗಲು ಮಕ್ಕಳಿಗೆ ಪಾಠ ಹೇಳಿ, ಉಳಿದ ಹೊತ್ತು ಆ ಪುಸ್ತಕಗಳನ್ನು ಓದಿದ. ಹೀಗೆ ಎಂಟು ವರ್ಷ. 1752ರಲ್ಲಿ ಒಂದು ದಿನಚರಿ ಶುರು ಮಾಡಿದ: ಪ್ರತಿ ತಿಂಗಳೂ ತಾನು ಯಾವ ಯಾವ ವಿಷಯದ ಮೇಲೆ ಏನು ಕೆಲಸ ಮಾಡಿದೆ ಎಂಬ ಟಿಪ್ಪಣಿ. ಸಾಯುವವರೆಗೂ ಅದನ್ನು ಬಿಡದೆ ಬರೆದ. ನಮ್ಮ ಪಾಠ ವೀಕ್ಷಣಾ ಪುಸ್ತಕವನ್ನು ಸಹಿ ಹಾಕಿಸುವ ಹಿಂದಿನ ರಾತ್ರಿ ಕೂತು ತುಂಬಿಸುವ ನಾವು ಇದನ್ನು ಓದಿ ಸುಮ್ಮನಾಗುವುದೇ ಒಳ್ಳೆಯದು.

ಇಲ್ಲಿಂದ ದಶಮಾಂಶದ ವಿಷಯಕ್ಕೆ ಬರುತ್ತೇನೆ. 1758ರಲ್ಲಿ ಬಾಸೆಲ್‌ನ ಆಕ್ಟಾ ಹೆಲ್ವೆಟಿಕಾ ಎಂಬ ವಿದ್ವತ್ ಪತ್ರಿಕೆಯಲ್ಲಿ ಲ್ಯಾಂಬರ್ಟ್ ಕೆಲವೇ ಪುಟಗಳ ಒಂದು ಲೇಖನ ಬರೆದ. ಆವರ್ತಗೊಳ್ಳುವ ಎಲ್ಲ ದಶಮಾಂಶಗಳೂ ಭಿನ್ನರಾಶಿಗಳಿಂದಲೇ ಹುಟ್ಟುತ್ತವೆ ಎಂಬುದು ಅದರ ಸಾರ. ಇದು ನಿಯಮದ ಒಂದು ದಿಕ್ಕು. ಇನ್ನೊಂದು ದಿಕ್ಕು, ಅಂದರೆ ಭಿನ್ನರಾಶಿಯನ್ನು ಭಾಗಿಸುತ್ತಾ ಹೋದರೆ ದಶಮಾಂಶ ಅಂತ್ಯಗೊಳ್ಳಬೇಕು ಇಲ್ಲವೇ ಆವರ್ತಗೊಳ್ಳಬೇಕು ಎಂಬುದು. ಎರಡೂ ದಿಕ್ಕುಗಳಲ್ಲಿ ಸರಿಯಾದರೆ ಮಾತ್ರ ನಮ್ಮ ನಿಯಮ ನಿಲ್ಲುತ್ತದೆ. ತರಗತಿಯಲ್ಲಿ ನಾವು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಅವು ಬೇರೆ ಬೇರೆ ಮಾತುಗಳು, ಬೇರೆ ಬೇರೆ ಕಾರಣಗಳಿಂದ ನಿಜ ಎಂಬುದು ಮಕ್ಕಳಿಗೆ ಗೊತ್ತಾಗುವುದೇ ಇಲ್ಲ.

ಎರಡನೆಯ ದಿಕ್ಕು ಸುಲಭ. 1ನ್ನು 7ರಿಂದ ಭಾಗಿಸಿ. ಪ್ರತಿ ಹೆಜ್ಜೆಯಲ್ಲೂ ಒಂದು ಶೇಷ ಉಳಿಯುತ್ತದೆ. 7ರಿಂದ ಭಾಗಿಸುವಾಗ ಶೇಷ 0ಯಿಂದ 6ರ ಒಳಗೇ ಇರಬೇಕು. 0 ಬಂದರೆ ಭಾಗಾಕಾರ ಮುಗಿಯಿತು. ಬರದಿದ್ದರೆ ಉಳಿದದ್ದು ಆರೇ ಶೇಷಗಳು. ಏಳನೆಯ ಹೆಜ್ಜೆಯೊಳಗೆ ಹಳೆಯ ಶೇಷ ಮತ್ತೆ ಬರಲೇಬೇಕು. ಹಳೆಯ ಶೇಷ ಬಂದ ಕೂಡಲೇ ಹಳೆಯ ಅಂಕಿಗಳೇ ಅದೇ ಕ್ರಮದಲ್ಲಿ ಬರುತ್ತವೆ. 1/7ರಲ್ಲಿ ಶೇಷಗಳು 1, 3, 2, 6, 4, 5 ಎಂದು ಬಂದು ಮತ್ತೆ 1ಕ್ಕೆ ತಿರುಗುತ್ತವೆ. ಅಂಕಿಗಳು 142857, 142857 ಎಂದು ಸುತ್ತುತ್ತವೆ.

ಮೊದಲನೆಯ ದಿಕ್ಕಿಗೆ ಬೇರೆ ಉಪಾಯ ಬೇಕು. 0.272727... ಎಂಬ ದಶಮಾಂಶವನ್ನು 100ರಿಂದ ಗುಣಿಸಿದರೆ 27.272727... ಬರುತ್ತದೆ. ಇದರಿಂದ ಮೊದಲಿನದನ್ನು ಕಳೆದರೆ ಬಾಲವೆಲ್ಲ ಹೋಗಿ 27 ಮಾತ್ರ ಉಳಿಯುತ್ತದೆ. ಸಂಖ್ಯೆಯ 99 ಪಟ್ಟು 27. ಆದ್ದರಿಂದ ಸಂಖ್ಯೆ 27/99, ಅಂದರೆ 3/11. ಲ್ಯಾಂಬರ್ಟ್ ಇದನ್ನು ಸಾಮಾನ್ಯ ರೂಪದಲ್ಲೇ ಕೊಟ್ಟ: ಆವರ್ತಗೊಳ್ಳುವ ಗುಂಪಿನಲ್ಲಿ ಎಷ್ಟು ಅಂಕಿಗಳಿವೆಯೋ ಅಷ್ಟು 9ಗಳನ್ನು ಛೇದದಲ್ಲಿ ಬರೆಯಬೇಕು, ಗುಂಪಿಗೆ ಮೊದಲು ಆವರ್ತಗೊಳ್ಳದ ಅಂಕಿಗಳಿದ್ದರೆ ಅಷ್ಟು ಸೊನ್ನೆಗಳನ್ನು ಆ 9ಗಳ ಮುಂದೆ ಸೇರಿಸಬೇಕು. ಉದಾಹರಣೆಗೆ 0.58333... ಎಂದರೆ 58/100 ಮತ್ತು 3/900 ಇವುಗಳ ಮೊತ್ತ. ಕೂಡಿದರೆ 525/900, ಸಂಕ್ಷೇಪಿಸಿದರೆ 7/12. ಹೀಗೆ ಆವರ್ತಗೊಳ್ಳುವ ಯಾವ ದಶಮಾಂಶವೂ ಭಿನ್ನರಾಶಿಯಾಗದೆ ತಪ್ಪಿಸಿಕೊಳ್ಳಲಾರದು.

ಆ ಹೊತ್ತಿಗೆ ಲ್ಯಾಂಬರ್ಟ್ ತನ್ನ ವಿದ್ಯಾರ್ಥಿಗಳ ಜೊತೆ ಪ್ರವಾಸದಲ್ಲಿದ್ದ. 1756ರಲ್ಲಿ ಹೊರಟವರು ಗಟಿಂಗನ್, ಉಟ್ರೆಕ್ಟ್, ಪ್ಯಾರಿಸ್, ಮಾರ್ಸೇಲ್, ಟುರಿನ್, ಮಿಲಾನ್ ಎಲ್ಲ ಸುತ್ತಿ 1758ರ ಕೊನೆಗೆ ಕೂರ್‌ಗೆ ಮರಳಿದರು. ದಾರಿಯಲ್ಲಿ ಅವನು ದೊಡ್ಡ ದೊಡ್ಡ ಗಣಿತಜ್ಞರನ್ನು ಕಂಡ. ಪ್ಯಾರಿಸ್‌ನಲ್ಲಿ ಡಾಲಾಂಬೇರ್‌ನನ್ನೂ ಭೇಟಿಯಾದ. ಮೇಷ್ಟ್ರ ಕೆಲಸ ಬಿಟ್ಟ ಮೇಲೆ ಕೆಲವು ವರ್ಷ ನಿಂತಲ್ಲಿ ನಿಲ್ಲದ ಬದುಕು. 1760ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅವನ ಫೋಟೋಮೆಟ್ರಿಯಾ ಪ್ರಕಟವಾಯಿತು. ಬೆಳಕನ್ನು ಅಳೆಯುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಗ್ರಂಥ ಅದು. ನಾವು ಓದಿದ ಹೀರಿಕೆಯ ನಿಯಮ ಅದರಲ್ಲಿದೆ. ಅದಕ್ಕೂ ಮೊದಲು 1729ರಲ್ಲಿ ಬೂಗೇರ್ ಎಂಬಾತ ಅದನ್ನು ಕಂಡಿದ್ದ, ಬೀರ್ ಬಂದದ್ದು 1852ರಲ್ಲಿ. ಗ್ರಹಗಳ ಮೇಲ್ಮೈ ಎಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ ಎಂಬುದಕ್ಕೆ ಆಲ್ಬಿಡೋ ಎಂಬ ಮಾತನ್ನು ಬಳಕೆಗೆ ತಂದವನೂ ಅವನೇ. ಬವೇರಿಯಾದ ಅಕಾಡೆಮಿಯಲ್ಲಿ ಸ್ವಲ್ಪ ಕಾಲ ಇದ್ದು, ಅಲ್ಲಿ ಹೊಂದಿಕೆಯಾಗದೆ 1762ರಲ್ಲಿ ಹೊರಬಂದ. ಮಿಲಾನ್ ಮತ್ತು ಕೂರ್ ನಡುವಿನ ಗಡಿಯನ್ನು ಅಳೆಯುವ ಕೆಲಸವನ್ನೂ ಮಾಡಿದ.

1764ರಲ್ಲಿ ಬರ್ಲಿನ್‌ಗೆ ಬಂದ. ಅಲ್ಲಿನ ಅಕಾಡೆಮಿಗೆ ಯಾರನ್ನು ಸೇರಿಸಬೇಕು ಎಂಬುದನ್ನು ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ತಾನೇ ನಿರ್ಧರಿಸುತ್ತಿದ್ದ. ಭೇಟಿ ಚೆನ್ನಾಗಿ ನಡೆಯಲಿಲ್ಲ. ಲ್ಯಾಂಬರ್ಟ್‌ನ ವೇಷ ವಿಚಿತ್ರ, ನಡವಳಿಕೆ ಇನ್ನೂ ವಿಚಿತ್ರ. ದರ್ಜಿಯ ಮಗನ ಬಟ್ಟೆಯ ಬಗ್ಗೆ ಹೀಗೆ ಹೇಳಬೇಕಾಗಿ ಬಂದದ್ದು ತಮಾಷೆಯೇ. ಯಾವ ಶಾಸ್ತ್ರ ಬಲ್ಲೆ ಎಂದು ದೊರೆ ಕೇಳಿದ್ದಕ್ಕೆ ಎಲ್ಲವನ್ನೂ ಬಲ್ಲೆನೆಂದೂ, ಯಾರಿಂದ ಕಲಿತೆ ಎಂದದ್ದಕ್ಕೆ ತಾನೇ ಕಲಿತೆನೆಂದೂ ಅವನು ಹೇಳಿದನೆಂಬ ಕಥೆ ಬಹಳ ಪ್ರಸಿದ್ಧ. ಕಥೆ ಎಷ್ಟು ನಿಜವೋ, ದೊರೆಗೆ ಅವನು ಹಿಡಿಸಲಿಲ್ಲ ಎಂಬುದಂತೂ ನಿಜ. ನೇಮಕವಾದದ್ದು 1765ರ ಜನವರಿಯಲ್ಲಿ. ಆಯ್ಲರ್ ಆಗ ಅದೇ ಅಕಾಡೆಮಿಯಲ್ಲಿದ್ದ. 1766ರಲ್ಲಿ ಅವನು ಹೊರಟುಹೋದ ಮೇಲೆ ಲಗ್ರಾಂಜ್ ಬಂದ. ಅಂಥವರ ನಡುವೆ ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟವನೊಬ್ಬ ಕುಳಿತು, ಗಣಿತದಿಂದ ಹಿಡಿದು ಗಾಳಿಯ ತೇವಾಂಶದವರೆಗೆ ಲೇಖನಗಳನ್ನು ಮಂಡಿಸುತ್ತಾ ಹೋದ.

1769ರಲ್ಲಿ ಅವನು ಮತ್ತೆ ಆವರ್ತ ದಶಮಾಂಶಕ್ಕೆ ಮರಳಿದ. ಈ ಸಲ ಪ್ರಶ್ನೆ ಬೇರೆ: ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ತಿಳಿಯುವುದು ಹೇಗೆ? 2 ಮತ್ತು 5ರಿಂದ ಭಾಗವಾಗದ ಒಂದು ಸಂಖ್ಯೆಯನ್ನು ಛೇದದಲ್ಲಿಟ್ಟು 1ನ್ನು ಭಾಗಿಸಿದಾಗ, ಆವರ್ತದ ಉದ್ದ ಆ ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ ಬಂದರೆ ಆ ಸಂಖ್ಯೆ ಅವಿಭಾಜ್ಯ ಎಂದು ಅವನು ತೋರಿಸಿದ. ಕಾರಣ ಶೇಷಗಳಲ್ಲೇ ಇದೆ. 1ರಿಂದ ಶುರುವಾದ ಭಾಗಾಕಾರದಲ್ಲಿ ಬರುವ ಯಾವ ಶೇಷಕ್ಕೂ ಛೇದದ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರುವುದಿಲ್ಲ. 21ನ್ನು ತೆಗೆದುಕೊಂಡರೆ ಶೇಷಗಳು 1, 10, 16, 13, 4, 19. ಇವುಗಳಲ್ಲಿ 3ರಿಂದಲಾಗಲಿ 7ರಿಂದಲಾಗಲಿ ಭಾಗವಾಗುವುದು ಒಂದೂ ಇಲ್ಲ. ಆದರೆ 7ರಲ್ಲಿ 1ರಿಂದ 6ರವರೆಗಿನ ಎಲ್ಲವೂ ಬಂದವು. ಛೇದಕ್ಕಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳೂ ಶೇಷಗಳಾಗಿ ಬಂದವು ಎಂದರೆ ಅವುಗಳಲ್ಲಿ ಯಾವುದಕ್ಕೂ ಛೇದದ ಜೊತೆ ಸಾಮಾನ್ಯ ಅಪವರ್ತನ ಇಲ್ಲ ಎಂದಾಯಿತು. ಅದೇ ತಾನೆ ಅವಿಭಾಜ್ಯ ಎಂದರೆ.

ಈ ಭಾಗವನ್ನು ನಾನು ಅಭ್ಯಾಸ ಬೋಧನೆಯಲ್ಲಿ ಬಳಸಿ ನೋಡಿದೆ. ಮಕ್ಕಳಿಗೆ 1ನ್ನು 17ರಿಂದ ಭಾಗಿಸಲು ಕೊಟ್ಟೆ. ಜೊತೆಗೆ ಒಂದು ಕ್ಯಾಲ್ಕ್ಯುಲೇಟರನ್ನೂ ಕೊಟ್ಟೆ. ಪರದೆಯ ಮೇಲೆ 0.058823529 ಎಂದು ಬಂತು. ಇದರಲ್ಲಿ ಆವರ್ತ ಎಲ್ಲಿದೆ? ಕ್ಯಾಲ್ಕ್ಯುಲೇಟರನ್ನು ನಂಬಿದವರು ಇದು ಅಭಾಗಲಬ್ಧ ಎಂದು ಬರೆದರು. ಶೇಷಗಳನ್ನು ಪಕ್ಕದಲ್ಲಿ ಬರೆಯುತ್ತಾ ಕೈಯಲ್ಲಿ ಭಾಗಿಸಿದವರು ಒಪ್ಪಲಿಲ್ಲ. ಶೇಷ 17ನ್ನು ಮೀರುವಂತಿಲ್ಲ, ಹಾಗಾಗಿ ತಿರುಗಿ ಬರಲೇಬೇಕು ಎಂದು ಅವರ ವಾದ. ಹದಿನಾರನೆಯ ಹೆಜ್ಜೆಗೆ ಶೇಷ 1 ಬಂತು. 0588235294117647 ಎಂಬ ಹದಿನಾರು ಅಂಕಿಗಳ ಗುಂಪು ಅಲ್ಲಿಂದ ಮತ್ತೆ ಶುರು. ಅಂಕಿಗಳನ್ನು ನೋಡಿ ತೀರ್ಮಾನಿಸುವುದಕ್ಕೂ ಶೇಷಗಳನ್ನು ನೋಡಿ ತೀರ್ಮಾನಿಸುವುದಕ್ಕೂ ಇರುವ ಅಂತರ ಆ ಒಂದು ಭಾಗಾಕಾರದಲ್ಲಿ ತಿಳಿದಷ್ಟು ನನ್ನ ವಿವರಣೆಯಲ್ಲಿ ತಿಳಿದಿರಲಿಲ್ಲ. ಈ ಚಟುವಟಿಕೆಗೆ ಒಂದು ಪೂರ್ತಿ ಅವಧಿ ಬೇಕು, ಪಾಠಯೋಜನೆಯಲ್ಲಿ ಹತ್ತು ನಿಮಿಷ ಎಂದು ಬರೆದರೆ ಆಗುವುದಿಲ್ಲ.

ಆವರ್ತ ಎಂಬುದನ್ನು ಮಕ್ಕಳು ವಿನ್ಯಾಸ ಎಂದು ತಿಳಿಯುವುದೂ ಉಂಟು. 0.1010010001... ಎಂಬ ಸಂಖ್ಯೆಯಲ್ಲಿ ಪ್ರತಿ ಸಲ ಒಂದೊಂದು ಸೊನ್ನೆ ಹೆಚ್ಚುತ್ತದೆ. ಮುಂದಿನ ಅಂಕಿ ಏನೆಂದು ಯಾರು ಬೇಕಾದರೂ ಹೇಳಬಹುದು. ಆದರೂ ಅದು ಅಭಾಗಲಬ್ಧ, ಏಕೆಂದರೆ ಒಂದೇ ಗುಂಪು ಹಾಗೆಯೇ ಮತ್ತೆ ಮತ್ತೆ ಬರುತ್ತಿಲ್ಲ. ಸೊನ್ನೆಗಳ ಸಾಲು ಯಾವ ಗುಂಪಿಗಿಂತಲೂ ಉದ್ದವಾಗಿ ಬೆಳೆಯುತ್ತದೆ.

ಲ್ಯಾಂಬರ್ಟ್ ಆವರ್ತಗಳಲ್ಲಿ ಆಸಕ್ತಿ ತಳೆದದ್ದರ ಹಿಂದೆ ಅಪವರ್ತನ ಕೋಷ್ಟಕಗಳ ಹುಚ್ಚೂ ಇತ್ತು. 1770ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಿ 1,02,000ದವರೆಗಿನ ಸಂಖ್ಯೆಗಳ ಅತ್ಯಂತ ಚಿಕ್ಕ ಅಪವರ್ತನಗಳನ್ನು ಕೊಟ್ಟ. 2, 3, 5ರಿಂದ ಭಾಗವಾಗುವಂಥವನ್ನು ಬಿಟ್ಟ. ಇದನ್ನು ಇನ್ನೂ ಮುಂದಕ್ಕೆ ಬೆಳೆಸಿ ಎಂದು ಎಲ್ಲರನ್ನೂ ಹುರಿದುಂಬಿಸಿದ. ವಿಯೆನ್ನಾದ ಫೆಲ್ಕೆಲ್ ಎಂಬ ಶಾಲಾ ಶಿಕ್ಷಕನೊಬ್ಬ ಆ ಕೆಲಸಕ್ಕೆ ಕೈಹಾಕಿ 1776ರಲ್ಲಿ ದೊಡ್ಡ ಕೋಷ್ಟಕ ಅಚ್ಚು ಮಾಡಿಸಿದ. ಕೊಳ್ಳುವವರು ಸಿಗಲಿಲ್ಲ. ಆ ಹಾಳೆಗಳು ತುರ್ಕರ ಮೇಲಿನ ಯುದ್ಧದಲ್ಲಿ ತೋಟಾ ಸುತ್ತುವುದಕ್ಕೆ ಹೋದವಂತೆ.

ಈಗ ಪೈ. ಆವರ್ತ ದಶಮಾಂಶಗಳೆಲ್ಲ ಭಿನ್ನರಾಶಿಗಳು ಎಂದು ಗೊತ್ತಾದ ಮೇಲೆ, ಪೈ ಯಾವ ಕಡೆ ಎಂಬ ಪ್ರಶ್ನೆಗೆ ಅಂಕಿಗಳನ್ನು ಲೆಕ್ಕ ಹಾಕುವುದರಿಂದ ಉತ್ತರ ಸಿಗುವುದಿಲ್ಲ ಎಂಬುದು ಸ್ಪಷ್ಟ. 355/113 ಎಂಬ ಭಿನ್ನರಾಶಿಯನ್ನೇ ನೋಡಿ. ಅದರ ದಶಮಾಂಶ 3.14159292 ಎಂದು ಶುರುವಾಗುತ್ತದೆ, ಪೈ 3.14159265 ಎಂದು. ಆರು ದಶಮಾಂಶ ಸ್ಥಾನಗಳವರೆಗೆ ಎರಡೂ ಒಂದೇ. ಇನ್ನು 113ರ ಆವರ್ತ 112 ಅಂಕಿಗಳಷ್ಟು ಉದ್ದ. ನೂರು ಅಂಕಿ ಬರೆದು ಆವರ್ತ ಕಾಣಲಿಲ್ಲ ಎಂದು ನಿಲ್ಲಿಸಿದವನು 355/113ನ್ನೂ ಅಭಾಗಲಬ್ಧ ಎಂದುಬಿಡುತ್ತಾನೆ. ಹಾಗಿದ್ದ ಮೇಲೆ ಪೈಯ ಆವರ್ತ ಒಂದು ಕೋಟಿ ಅಂಕಿಗಳಷ್ಟು ಉದ್ದವಿರಬಾರದೇಕೆ?

ಪೈ ಅಭಾಗಲಬ್ಧವಿರಬೇಕೆಂಬ ಅನುಮಾನ ಬಹಳ ಹಳೆಯದು. ಆರ್ಯಭಟ ಕೊಟ್ಟ 62832/20000 ಎಂಬ ಬೆಲೆಗೆ ಆಸನ್ನ, ಅಂದರೆ ಹತ್ತಿರದ್ದು, ಎಂದೇ ಹೆಸರು. ಕೇರಳದ ನೀಲಕಂಠ ಸೋಮಯಾಜಿ ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ, ವ್ಯಾಸವನ್ನೂ ಪರಿಧಿಯನ್ನೂ ಒಂದೇ ಅಳತೆಗೋಲಿನಿಂದ ಶೇಷವಿಲ್ಲದೆ ಅಳೆಯಲಾಗದು, ಅದಕ್ಕಾಗಿಯೇ ಹತ್ತಿರದ ಬೆಲೆ ಹೇಳಿದ್ದು ಎಂದು ವಿವರಿಸಿದ. ಅದು ಲ್ಯಾಂಬರ್ಟ್‌ಗಿಂತ ಎರಡು ಶತಮಾನಕ್ಕೂ ಹಿಂದಿನ ಮಾತು. ಸಾಧನೆ ಮಾತ್ರ ಬಾಕಿ ಇತ್ತು.

ಲ್ಯಾಂಬರ್ಟ್ ಹಿಡಿದ ದಾರಿಯಲ್ಲಿ ದಶಮಾಂಶವೇ ಇಲ್ಲ. ಆಯ್ಲರ್ ಆಗಲೇ ಸತತ ಭಿನ್ನರಾಶಿಗಳನ್ನು ಬಳಸಿ ಇ ಎಂಬ ಸಂಖ್ಯೆ ಅಭಾಗಲಬ್ಧ ಎಂದು ತೋರಿಸಿದ್ದ. ಲ್ಯಾಂಬರ್ಟ್ ಅದೇ ಉಪಕರಣವನ್ನು ತ್ರಿಕೋನಮಿತಿಗೆ ತಂದ. ಕೋನವನ್ನು ರೇಡಿಯನ್‌ಗಳಲ್ಲಿ ಕ ಎಂದು ಕರೆದರೆ, ಅವನು ಬರೆದದ್ದು ಹೀಗೆ:

ಟ್ಯಾನ್ ಕ = ಕ ÷ (1 − ಕ² ÷ (3 − ಕ² ÷ (5 − ಕ² ÷ (7 − ...))))

ಛೇದದೊಳಗೆ ಇನ್ನೊಂದು ಭಿನ್ನರಾಶಿ, ಅದರ ಛೇದದೊಳಗೆ ಮತ್ತೊಂದು. 1, 3, 5, 7 ಎಂಬ ಬೆಸ ಸಂಖ್ಯೆಗಳು ಒಂದರ ಹಿಂದೆ ಒಂದು. ಕ ಸೊನ್ನೆಯಲ್ಲದ ಭಾಗಲಬ್ಧ ಸಂಖ್ಯೆಯಾಗಿದ್ದರೆ ಟ್ಯಾನ್ ಕ ಭಾಗಲಬ್ಧವಾಗಲಾರದು ಎಂಬುದು ಅವನ ಮುಖ್ಯ ಫಲಿತಾಂಶ. ವಾದದ ಜೀವಾಳ ಹತ್ತನೆಯ ತರಗತಿಯವರಿಗೂ ಗೊತ್ತಿರುವ ಯೂಕ್ಲಿಡನ ಭಾಗಾಕಾರ ಕ್ರಮವೇ. ಎರಡು ಅಳತೆಗಳಿಗೆ ಸಾಮಾನ್ಯ ಅಳತೆಗೋಲು ಇದ್ದರೆ, ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಬರುವ ಪ್ರತಿ ಶೇಷವೂ ಆ ಅಳತೆಗೋಲಿನ ಪೂರ್ಣ ಪಟ್ಟೇ ಆಗಿರಬೇಕು. ಟ್ಯಾನ್ ಕ ಭಾಗಲಬ್ಧ ಎಂದು ಇಟ್ಟುಕೊಂಡು ಹೆಜ್ಜೆ ಹೆಜ್ಜೆಗೆ ಇಳಿಯುತ್ತಾ ಹೋದರೆ, ಬೆಸ ಸಂಖ್ಯೆಗಳು ಬೆಳೆಯುತ್ತಲೇ ಇರುವುದರಿಂದ ಶೇಷಗಳು ಎಷ್ಟು ಬೇಕಾದರೂ ಚಿಕ್ಕದಾಗುತ್ತವೆ, ಆದರೆ ಸೊನ್ನೆಯಾಗುವುದೇ ಇಲ್ಲ. ಅಳತೆಗೋಲಿನ ಪೂರ್ಣ ಪಟ್ಟು ಅಳತೆಗೋಲಿಗಿಂತಲೂ ಚಿಕ್ಕದಾಗಲು ಸಾಧ್ಯವೇ? ಆಗದು. ಆದ್ದರಿಂದ ಅಂಥ ಅಳತೆಗೋಲೇ ಇಲ್ಲ.

ಇಷ್ಟಾದ ಮೇಲೆ ಪೈ ಬರುವುದು ಒಂದೇ ಸಾಲಿನಲ್ಲಿ. 45 ಡಿಗ್ರಿಯ ಟ್ಯಾನ್ ಬೆಲೆ 1. ರೇಡಿಯನ್‌ನಲ್ಲಿ 45 ಡಿಗ್ರಿ ಎಂದರೆ ಪೈಯ ಕಾಲು ಭಾಗ. ಪೈ ಭಾಗಲಬ್ಧವಾಗಿದ್ದರೆ ಅದರ ಕಾಲು ಭಾಗವೂ ಭಾಗಲಬ್ಧ. ಆಗ ಅದರ ಟ್ಯಾನ್ ಅಭಾಗಲಬ್ಧವಾಗಬೇಕಿತ್ತು. ಆದರೆ 1 ಭಾಗಲಬ್ಧ. ಆದ್ದರಿಂದ ಪೈ ಭಾಗಲಬ್ಧವಲ್ಲ, ಅದರ ದಶಮಾಂಶ ಎಷ್ಟು ದೂರ ಹೋದರೂ ಆವರ್ತಗೊಳ್ಳುವುದಿಲ್ಲ. ಒಂದೇ ಒಂದು ಅಂಕಿಯನ್ನೂ ಲೆಕ್ಕ ಹಾಕದೆ ಎಲ್ಲ ಅಂಕಿಗಳ ಬಗ್ಗೆ ಹೇಳಿದ ಮಾತು ಇದು. ನನಗಂತೂ ಟ್ಯಾನ್ 45 ಡಿಗ್ರಿ 1 ಎಂಬ, ಕೋಷ್ಟಕ ಉರುಹೊಡೆಯುವಾಗ ಎಲ್ಲಕ್ಕಿಂತ ಸುಲಭವೆಂದು ಮೊದಲು ಕಲಿತ ಬೆಲೆ ಇಂಥ ಜಾಗದಲ್ಲಿ ಕೆಲಸಕ್ಕೆ ಬಂದದ್ದು ಬಹಳ ಹಿಡಿಸಿತು.

ಈ ಪ್ರಬಂಧದ ವರ್ಷ ಕೆಲವು ಪುಸ್ತಕಗಳಲ್ಲಿ 1761, ಇನ್ನು ಕೆಲವರಲ್ಲಿ 1768 ಎಂದಿರುತ್ತದೆ. ಅಕಾಡೆಮಿಯ 1761ರ ಹೆಸರಿನ ಸಂಪುಟ ಅಚ್ಚಾಗಿ ಬಂದದ್ದು 1768ರಲ್ಲಿ, ಗೊಂದಲಕ್ಕೆ ಅದೇ ಕಾರಣ. ಪ್ರಬಂಧದ ಕೊನೆಗೆ ಲ್ಯಾಂಬರ್ಟ್ ಇನ್ನೂ ಮುಂದೆ ಹೋಗಿ, ಇ ಮತ್ತು ಪೈ ವರ್ಗಮೂಲಗಳಂಥ ಅಭಾಗಲಬ್ಧಗಳೂ ಅಲ್ಲ, ಪೂರ್ಣಾಂಕ ಸಹಗುಣಕಗಳ ಯಾವ ಬಹುಪದೋಕ್ತಿ ಸಮೀಕರಣಕ್ಕೂ ಮೂಲಗಳಾಗದಂಥವು ಎಂಬ ಊಹೆಯನ್ನು ಮುಂದಿಟ್ಟ.

ವೃತ್ತದಷ್ಟೇ ವಿಸ್ತೀರ್ಣದ ಚೌಕವನ್ನು ಅಳತೆಪಟ್ಟಿ ಮತ್ತು ಕೈವಾರದಿಂದ ರಚಿಸುತ್ತೇವೆ ಎನ್ನುವವರು ಆ ಕಾಲದಲ್ಲಿ ಊರೂರಿಗೂ ಇದ್ದರು. ಪೈಯ ನಿಖರ ಭಿನ್ನರಾಶಿ ಸಿಕ್ಕಿತು ಎಂದು ಅಕಾಡೆಮಿಗಳಿಗೆ ಕಾಗದ ಬರೆಯುತ್ತಿದ್ದರು. ಲ್ಯಾಂಬರ್ಟ್ ಅವರನ್ನು ಗೇಲಿ ಮಾಡಿ ಸುಮ್ಮನಾಗಲಿಲ್ಲ. ಅವರಿಗಾಗಿಯೇ ಜರ್ಮನ್ ಭಾಷೆಯಲ್ಲಿ, ಸಾಮಾನ್ಯ ಓದುಗನಿಗೆ ತಿಳಿಯುವಂತೆ ಒಂದು ಲೇಖನ ಬರೆದ. ಅದು 1770ರಲ್ಲಿ ಪ್ರಕಟವಾಯಿತು. 22/7, 355/113 ಮುಂತಾಗಿ ಪೈಗೆ ಹತ್ತಿರ ಹತ್ತಿರ ಬರುವ ಭಿನ್ನರಾಶಿಗಳ ಒಂದು ಉದ್ದ ಪಟ್ಟಿಯನ್ನೇ ಅದರಲ್ಲಿ ಕೊಟ್ಟು, ಇವುಗಳಲ್ಲಿ ಯಾವುದೂ ಪೈ ಅಲ್ಲ, ಯಾವುದೂ ಆಗಲಾರದು ಎಂದು ವಿವರಿಸಿದ. ನನ್ನ ಅಭಿಪ್ರಾಯದಲ್ಲಿ ಕೂರ್‌ನ ಆ ಮನೆಪಾಠದ ಮೇಷ್ಟ್ರು ಅವನ ಬರಹಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಇಲ್ಲಿ. 22/7ನ್ನು ತಪ್ಪು ಎಂದು ಹೊರಗೆ ಹಾಕಲಿಲ್ಲ, ಅದರ ಜಾಗ ಯಾವುದು ಎಂದು ತೋರಿಸಿದ. ನಾವೂ ತರಗತಿಯಲ್ಲಿ ಪೈ = 22/7 ಎಂದು ಬರೆಯುವ ಬದಲು ಸುಮಾರಾಗಿ ಸಮ ಎಂಬ ಚಿಹ್ನೆ ಹಾಕಿ, ಎರಡರ ದಶಮಾಂಶಗಳನ್ನೂ ಒಂದರ ಕೆಳಗೆ ಒಂದು ಬರೆದರೆ, ಮೂರನೆಯ ದಶಮಾಂಶ ಸ್ಥಾನದಲ್ಲೇ ದಾರಿ ಬೇರೆಯಾಗುವುದನ್ನು ಮಕ್ಕಳೇ ನೋಡುತ್ತಾರೆ. ಮಾರ್ಗದರ್ಶಕರು ಇಷ್ಟು ವಿವರ ಬೇಡ ಎನ್ನಬಹುದು; ಬೇಕು ಎಂದೇ ನನಗೆ ಅನ್ನಿಸುತ್ತದೆ. 1775ರಲ್ಲಿ ಪ್ಯಾರಿಸ್‌ನ ಅಕಾಡೆಮಿ, ವೃತ್ತವನ್ನು ಚೌಕವಾಗಿಸುವ ಲೇಖನಗಳನ್ನು ಇನ್ನು ಪರಿಶೀಲಿಸುವುದಿಲ್ಲ ಎಂದು ನಿರ್ಣಯ ಮಾಡಿತು.

ಉಳಿದ ಕೆಲಸಗಳನ್ನು ಹೆಸರಿಸುವುದಷ್ಟೇ ಇಲ್ಲಿ ಸಾಧ್ಯ. 1772ರಲ್ಲಿ ಭೂಪಟ ರಚನೆಯ ಹೊಸ ಪ್ರಕ್ಷೇಪಗಳನ್ನು ಕೊಟ್ಟ; ಅವು ಇಂದಿಗೂ ಬಳಕೆಯಲ್ಲಿವೆ. ತೇವಾಂಶ ಅಳೆಯುವ ಉಪಕರಣ ಮಾಡಿದ. ತತ್ವಶಾಸ್ತ್ರದ ವಿಷಯದಲ್ಲಿ ಕಾಂಟ್ ಜೊತೆ ಪತ್ರ ವ್ಯವಹಾರ ನಡೆಸಿದ. ಸಮಾಂತರ ರೇಖೆಗಳ ಬಗ್ಗೆ 1766ರಲ್ಲಿ ಬರೆದಿಟ್ಟದ್ದನ್ನು ತಾನು ಅಚ್ಚಿಗೆ ಕೊಡಲೇ ಇಲ್ಲ. ಅದು ಹೊರಬಂದದ್ದು 1786ರಲ್ಲಿ.

ಅವನು ಮದುವೆಯಾಗಲಿಲ್ಲ. ಕ್ಷಯರೋಗ ಹಿಡಿದು, 1777ರ ಸೆಪ್ಟೆಂಬರ್ 25ರಂದು ಬರ್ಲಿನ್‌ನಲ್ಲಿ ತೀರಿಕೊಂಡ. ನಲವತ್ತೊಂಬತ್ತು ವರ್ಷ. ಶಾಖದ ಮೇಲಿನ ಅವನ ಪುಸ್ತಕ ಅವನು ಹೋದ ಮೇಲೆ, 1779ರಲ್ಲಿ ಬಂತು.

ಪೈಯ ಸಾಧನೆಯಲ್ಲಿ ಒಂದೆರಡು ಕಡೆ ಬಿಗಿ ಸಾಲದು ಎಂದು ಕೆಲವರಿಗೆ ಅನ್ನಿಸಿತ್ತು. 1794ರಲ್ಲಿ ಲೆಜಾಂಡ್ರ್ ತನ್ನ ಜ್ಯಾಮಿತಿಯ ಪುಸ್ತಕದಲ್ಲಿ ಅದನ್ನು ಮತ್ತೆ ಸಾಧಿಸಿ, ಪೈಯ ವರ್ಗವೂ ಅಭಾಗಲಬ್ಧ ಎಂದು ಸೇರಿಸಿದ. ಇಬ್ಬರ ಹೆಸರೂ ಪುಸ್ತಕಗಳಲ್ಲಿ ಜೊತೆಯಾಗಿ ಬರುವುದು ಇದರಿಂದ. ಆದರೆ ನೂರು ವರ್ಷಗಳ ಮೇಲೆ, 1898ರಲ್ಲಿ, ಪ್ರಿಂಗ್ಸ್‌ಹೈಮ್ ಎಂಬ ಗಣಿತಜ್ಞ ಲ್ಯಾಂಬರ್ಟ್‌ನ ಮೂಲ ಪ್ರಬಂಧವನ್ನು ಕೂಲಂಕಷವಾಗಿ ಓದಿ, ಅದು ತನ್ನ ಕಾಲಕ್ಕೆ ಆಶ್ಚರ್ಯವೆನಿಸುವಷ್ಟು ಬಿಗಿಯಾಗಿದೆ ಎಂದು ತೋರಿಸಿದ. ಅಷ್ಟರಲ್ಲಿ ಲ್ಯಾಂಬರ್ಟ್‌ನ ಊಹೆಯೂ ನಿಜವಾಗಿತ್ತು: ಇ ಎಂಬ ಸಂಖ್ಯೆಗೆ 1873ರಲ್ಲಿ ಹರ್ಮೀಟ್, ಪೈಗೆ 1882ರಲ್ಲಿ ಲಿಂಡೆಮಾನ್ ಸಾಧನೆ ಕೊಟ್ಟರು. ಅಳತೆಪಟ್ಟಿ ಮತ್ತು ಕೈವಾರದಿಂದ ವೃತ್ತವನ್ನು ಚೌಕವಾಗಿಸಲು ಆಗದು ಎಂಬುದು ಆ ವರ್ಷ ಖಚಿತವಾಯಿತು.